ಸಹಿಗೆ ಬಿಟ್ಟ ಜಾಗ

ಮೂರನೆಯ ದಿನವೂ ನನ್ನ ಆತ್ಮಕಥೆ "ನಾನು" ಎಂಬಲ್ಲಿಗೇ ನಿಂತಿತ್ತು.

ಮೂವತ್ತನಾಲ್ಕು ವರ್ಷ ಸ್ಟೆನೋ ಆಗಿದ್ದವನು ನಾನು. ಹನ್ನೊಂದು ಸಾಹೇಬರ ಮಾತನ್ನು ಬಾಯಿಂದ ಉದುರುವ ಮೊದಲೇ ಹಿಡಿದವನು. ನಿವೃತ್ತನಾದ ಮೇಲೆ ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸತೊಡಗಿದೆ. ಒಂದರ ಮೇಲೆ "ವಿಷಯ: ಸಕ್ಕರೆ" ಎಂದಿದ್ದುದನ್ನು ಕಂಡು ಮಗಳು ದಪ್ಪ ನೋಟುಬುಕ್ಕು ತಂದುಕೊಟ್ಟಳು. ನಿಮ್ಮ ಕಥೆ ಬರೆಯಿರಿ ಅಪ್ಪ, ಅಮ್ಮನೂ ಸ್ವಲ್ಪ ಉಸಿರಾಡಲಿ ಎಂದಳು. ಸುಮ್ಮನಿರಲಾರದೆ ಬೀದಿಗೆಲ್ಲ ಸಾರಿಬಿಟ್ಟೆ. ಈಗ ಹಾಲಿನವನೂ ಎಷ್ಟು ಪುಟ ಆಯಿತೆಂದು ಕೇಳುತ್ತಾನೆ. ಬರೆಯದಿದ್ದರೆ ಮಾನ ಉಳಿಯದು.

ಪೆನ್ಸಿಲು ಚೂಪು ಮಾಡಿ, ತಲೆ ತಗ್ಗಿಸಿ ಕಾದೆ. ಯಾರೂ ಏನೂ ಹೇಳಲಿಲ್ಲ. ನನ್ನೊಳಗಿಂದ ಬಂದದ್ದು "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂಬುದೊಂದೇ. ಅದೂ ಸಾಹೇಬರದು.

ಕಿಟಕಿಯ ಬಳಿ ಪರದೆಗೆ ಅಂಚು ಹೊಲಿಯುತ್ತಿದ್ದ ಹೆಂಡತಿ ಎಂದಿನಂತೆ ತನ್ನ ಪಾಡಿಗೆ ಮಾತಾಡುತ್ತಿದ್ದಳು. ನಮ್ಮ ಕಸುಬಿನಲ್ಲಿ ಮಾತು ಕಿವಿಯಿಂದ ನೇರ ಕೈಗಿಳಿಯಬೇಕು, ನಡುವೆ ತಲೆಗೆ ಹೋಗಕೂಡದು. ಅವಳು ನಿಲ್ಲಿಸಿದಾಗ ನೋಡುತ್ತೇನೆ, ನಾಲ್ಕು ಪುಟ ತುಂಬಿವೆ.

"ಏನ್ರೀ ಅದು, ಇಷ್ಟುದ್ದ?"

"ನೀನು ಹೇಳಿದ್ದೇ."

ಸೂಜಿ ನಿಂತಿತು. "ಎಲ್ಲಿ, ಓದಿ."

ಓದಿದೆ. ಮಗಳು ಹುಟ್ಟಿದ ದಿನ ಅವಳು ಒಬ್ಬಳೇ ನಡೆದು ಆಸ್ಪತ್ರೆ ಸೇರಿದ್ದು. ದಾರಿಯಲ್ಲಿ ಒಮ್ಮೆ ಗೋಡೆ ಹಿಡಿದು ನಿಂತದ್ದು. ನಾನು ಬರುವಷ್ಟರಲ್ಲಿ ಕೂಸು ಎರಡು ಸಲ ಹಾಲು ಕುಡಿದು ಮಲಗಿದ್ದು. ನನ್ನ ಕಿವಿಯ ಮೇಲೆ ಇನ್ನೂ ಪೆನ್ಸಿಲು ಇದ್ದದ್ದು. ಎಷ್ಟು ಸಲ ಹೇಳಿದ್ದಳೋ. ಪೆನ್ಸಿಲಿಟ್ಟುಕೊಂಡ ಆ ಕಿವಿಗೆ ಕೇಳಿಸಿದ್ದು ಇಂದೇ ಮೊದಲು. ಓದುವುದನ್ನು ನಿಲ್ಲಿಸಿ ಪೆನ್ಸಿಲನ್ನು ಕೆಳಗಿಟ್ಟೆ.

ಅವಳಿಗೆ ಅದರ ಗೊಡವೆಯಿರಲಿಲ್ಲ. "ಗೋಡೆ ಹಿಡಿದದ್ದು ಒಂದ್ಸಲ ಅಲ್ಲ, ಎರಡ್ಸಲ. ತಿದ್ದಿ."

ಸಾಹೇಬರಿಗೆ ಎದುರಾಡಿ ಅಭ್ಯಾಸವಿಲ್ಲ. ತಿದ್ದಿದೆ.

ಮರುದಿನ ಶುದ್ಧಪ್ರತಿ ಮಾಡುವಾಗ ಮೊದಲ ಪುಟದ ಆ "ನಾನು" ಹೊಡೆದುಹಾಕಬೇಕಾಗಲಿಲ್ಲ. ಅದರ ಮುಂದೆ ಅವಳ ಮಾತು ಸರಿಯಾಗಿಯೇ ಕೂತಿತು. ಕೊನೆಯಲ್ಲಿ ಕೈ ತನ್ನ ರೂಢಿಯಂತೆ ಸಹಿಗೆ ನಾಲ್ಕು ಸಾಲಿನ ಜಾಗ ಬಿಟ್ಟಿತ್ತು. ಇಷ್ಟು ವರ್ಷದಲ್ಲಿ ಆ ಜಾಗದಲ್ಲಿ ನನ್ನ ಸಹಿ ಬಿದ್ದದ್ದಿಲ್ಲ.

ಅವಳು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು. ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು ಆ ಜಾಗದ ತುಂಬ ದಪ್ಪಗೆ ಸಹಿ ಹಾಕಿದಳು.

"ನಾಳೆ ಹತ್ತು ಗಂಟೆಗೆ ಬನ್ನಿ," ಎಂದಳು. "ತಡ ಮಾಡ್ಬೇಡಿ."