ಮನೆ ನೋಡಲು ಬಂದ ಗ್ರಾಫಿಕ್ಸ್ ಕಾರ್ಡ್

ಕಂಪ್ಯೂಟರಿನ ಪರದೆ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ನಾವು ಆರಿಸುವ ಕಾಲ ಹೋಗಿತ್ತು. ಈಗ ಅದೇ ಮನೆ ನೋಡಿ ಒಪ್ಪಬೇಕು. ದಾವಣಗೆರೆಯ ತಿಪ್ಪೇಶಪ್ಪನನ್ನು ಆಗಲೇ ಒಂಬೈನೂರು ಕಾರ್ಡುಗಳು ಒಲ್ಲೆ ಎಂದಿದ್ದವು. ಇವತ್ತು ಬಂದಿದ್ದ ಕಾರ್ಡೂ ಒಲ್ಲೆ ಎಂದರೆ ಅವನ ಹೊಸ ಕಂಪ್ಯೂಟರ್ ಬರೀ ಖಾಲಿ ಡಬ್ಬ.

ಸೋಫಾದಲ್ಲಿ ಕೂತ ಕಾರ್ಡಿಗೆ ಹೆಂಡತಿ ಪಾರ್ವತಕ್ಕ ಟೇಬಲ್ ಫ್ಯಾನ್ ತಿರುಗಿಸಿಟ್ಟಳು.

"ನನ್ನಿಂದ ಏನು ಕೆಲಸ ಮಾಡಿಸ್ತೀರಿ?" ಎಂದಿತು ಕಾರ್ಡು.

ತಿಪ್ಪೇಶಪ್ಪ ಮೀಸೆ ತಿರುವಿದ. "ಯುದ್ಧದ ಆಟ! ಲಕ್ಷ ಆನೆ, ಕೋಟಿ ಕುದುರೆ, ಒಂದೊಂದು ಕುದುರೆಯ ಕೂದಲೂ ಎಣಿಸೋ ಹಾಗೆ ಕಾಣಬೇಕು!"

ಕಾರ್ಡು ಎದ್ದು ಬಾಗಿಲ ಕಡೆ ಹೊರಟೇಬಿಟ್ಟಿತು.

"ನಿಲ್ಲು ತಾಯಿ," ಎಂದಳು ಪಾರ್ವತಕ್ಕ. "ನಮ್ಮ ಮನೆಯವ್ರು ಆಡೋದು ಇಸ್ಪೀಟು ಒಂದೇ. ಅದ್ರಲ್ಲೂ ಅರ್ಧಕ್ಕೇ ನಿದ್ದೆ ಹೊಡೀತಾರೆ."

ಕಾರ್ಡು ತಿರುಗಿತು. "ಮೊದ್ಲೇ ಹೇಳಬಾರದಾ ಅಕ್ಕಾ? ಹಿಂದಿನ ಮನೇಲಿ ದುಡಿಸಿ ದುಡಿಸಿ, ನನ್ನ ಬೆನ್ನ ಮೇಲೆ ದೋಸೆ ಹುಯ್ಯೋ ಹಾಗಾಗಿತ್ತು!" ಎಂದು, ತಾನೇ ಡಬ್ಬದೊಳಗೆ ಹೋಗಿ ಕೂತು ಹಾಯಾಗಿ ಆಕಳಿಸಿತು.