ಮಂಚದ ಮೇಲಿನ ಓಟ

"ಮೈದಾನಕ್ಕೆ ಒಂದು ಸುತ್ತು ಓಡಿ ಬನ್ನಿ ಮಕ್ಕಳೇ" ಎಂದರು ಕಂಪ್ಯೂಟರಿನೊಳಗಿನ ಆಟದ ಮೇಷ್ಟ್ರು. ಮೊಮ್ಮಗಳು ಮಂಚದ ಮೇಲೆ ಅಂಗಾತ ಮಲಗಿ, ಕಾಲೆರಡನ್ನೂ ಮೇಲೆತ್ತಿ ಗಾಳಿಯಲ್ಲೇ ಓಡತೊಡಗಿದಳು. ನೆಲದ ಮೇಲೆ ಓಡಿದರೆ ಕೆಳಮನೆಯವರು ಕೋಲಿನಿಂದ ಛಾವಣಿ ಕುಟ್ಟುತ್ತಾರೆ. ಪರದೇಶಕ್ಕೆ ಬಂದ ಹೊಸತರಲ್ಲಿ ಶಾಲೆಗೆಂದು ಕೊಂಡ ಬೂಟು ಅವಳ ಕಾಲಲ್ಲಿತ್ತು. ಇಲ್ಲಿನ ಶಾಲೆಯಲ್ಲಿ ಜಾಗ ಸಿಗದೆ, ಊರಿನ ಹಳೆಯ ಶಾಲೆಯೇ ಪರದೆಯೊಳಗೆ ಮನೆಗೆ ಬಂತು. ಬೂಟಿನ ಅಟ್ಟೆಗೆ ಚೂರೂ ಮಣ್ಣು ಹತ್ತಿರಲಿಲ್ಲ. ಆಗಲೇ ಬೆರಳಿಗೆ ಬಿಗಿಯಾಗಿತ್ತು.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಜ್ಜಿ ಗದರಿದರು. "ನಿಮ್ಮ ತಾತ ಹೋದಮೇಲೆ ನಾನು ದೇವರು ಕೂರಿಸಿದಲ್ಲಿ ಕೂತವಳು. ನೀನ್ಯಾಕೆ ಮಗುಚಿಬಿದ್ದ ಜಿರಳೆ ಥರ ಒದ್ದಾಡ್ತೀಯ? ಏಳೇ, ಕೆಳಗೆ ಹೋಗೋಣ."

"ಅಪ್ಪ ಬೈತಾರೆ."

"ಬೈಲಿ ಬಿಡು. ನಿಮ್ಮಪ್ಪನ್ನ ಹೆತ್ತವಳು ನಾನು."

ಮಂಡಿ ಹಿಡಿದುಕೊಂಡು ಎದ್ದು, ಅಜ್ಜಿ ಬಾಗಿಲಿನ ಚಿಲಕ ತೆಗೆದರು. ತಣ್ಣನೆಯ ಗಾಳಿ ಒಳಗೆ ಬಂತು. ಕೆಳಗೆ ಮಕ್ಕಳು ಚೆಂಡು ಒದೆಯುವ ಸದ್ದು ಕೇಳಿಸಿತು. ಹುಡುಗಿ ಹೊಸ್ತಿಲವರೆಗೆ ಓಡಿ ಬಂದಳು. ಬೂಟಿನ ತುದಿ ಹೊಸ್ತಿಲಿಗೆ ತಗುಲಿದ್ದೇ ತಡ, ನಿಂತು ಹಿಂದಿರುಗಿ ನೋಡಿದಳು. ಪರದೆಯಲ್ಲಿ ಊರಿನ ಶಾಲೆಯ ಮಕ್ಕಳೆಲ್ಲ ಮೈದಾನದಲ್ಲಿ ಓಡುತ್ತಿದ್ದರು. ಮೂಲೆಯಲ್ಲಿ ಅವಳನ್ನು ತೋರಿಸುವ ಚೌಕ ಮಾತ್ರ ಖಾಲಿಯಾಗಿತ್ತು.

"ಬಾಗಿಲು ಹಾಕಜ್ಜಿ" ಎಂದಳು ಮೆಲ್ಲಗೆ. "ಇನ್ನೂ ಅರ್ಧ ಸುತ್ತು ಬಾಕಿ ಇದೆ."

ಮತ್ತೆ ಮಂಚ ಹತ್ತಿ ಕಾಲೆತ್ತಿದಳು.