ಇಂಡಿಯಿಂದ ಹಾಜರಿ

ಆರನೆಯ ಹೆಸರಿಗೆ ಉತ್ತರ ಬರಲಿಲ್ಲ. ರಾಜೇಶ್ವರಿ ಮತ್ತೊಮ್ಮೆ ಕರೆದಳು, ‘ದಾವಿತ್’. ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟ ಫೋನು ಗೊರಗೊರ ಅಂದಿತೇ ಹೊರತು ದನಿ ಹೊರಡಲಿಲ್ಲ. ಅದೇ ಲೈನಿನಲ್ಲಿ ಇವತ್ತು ವಿಶ್ವವಿದ್ಯಾಲಯದ ಕಚೇರಿಯ ಅಧಿಕಾರಿಯೇ ಕೂತು ಕೇಳುತ್ತಿದ್ದ. ಸಾವಿರಾರು ಮೈಲಿ ಈಚೆ, ಇಂಡಿ ಊರಿನ ಅಪ್ಪನ ಮನೆಯ ಮಹಡಿ ಕೋಣೆಯಲ್ಲಿ ಅವಳು ಹಾಜರಿ ಪುಸ್ತಕ ತೆರೆದು ಕೂತಿದ್ದಳು.

ನಾಲ್ಕು ವರ್ಷ ಆಫ್ರಿಕಾದ ಆ ಊರಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವಳು ಅವಳು. ಗುಂಡಿನ ಸದ್ದು ಊರ ಹತ್ತಿರ ಬಂದಾಗ ಹೊರದೇಶದ ಅಧ್ಯಾಪಕರನ್ನೆಲ್ಲ ವಿಮಾನ ಹತ್ತಿಸಿ ಕಳಿಸಿದ್ದರು. ಕರಾರು ಮುಗಿಯಲು ಇನ್ನು ಎರಡೇ ವಾರ. ಅಲ್ಲಿ ಇಂಟರ್ನೆಟ್ ಬಂದ್ ಆಗಿದ್ದರಿಂದ ಪಾಠ ಫೋನಿನ ಮೇಲೆ. ಹುಡುಗರೆಲ್ಲ ಒಂದೇ ನಂಬರಿಗೆ ಕರೆ ಮಾಡುತ್ತಿದ್ದರು, ಬರೀ ದನಿ. ಗೈರುಹಾಜರಾದವರ ಪಟ್ಟಿಯನ್ನು ದಿನವೂ ಕಚೇರಿಗೆ ಕಳಿಸಬೇಕು ಎಂಬುದೊಂದು ಹೊಸ ನಿಯಮ ಬಂದಿತ್ತು.

ಮೊದಲ ವಾರ ಅವಳು ಚಾಚೂ ತಪ್ಪದೆ ಕಳಿಸಿದಳು. ಹಾಜರಿಯ ವಿಷಯದಲ್ಲಿ ಅವಳದು ಅಪ್ಪನದೇ ಹಟ. ಅಪ್ಪ ಚನ್ನಬಸಯ್ಯ ಮಾಸ್ತರರು ಝಳಕಿಯ ಶಾಲೆಯಲ್ಲಿದ್ದಾಗ, ಸ್ವಂತ ಮಗಳು ಜ್ವರದಿಂದ ಮಲಗಿದ ದಿನವೂ ಗೈರು ಹಾಕಿದ್ದವರು. ಹೀಗೆ ಅವಳಿಂದ ಐದು ಹೆಸರು ಕಚೇರಿಗೆ ಹೋದವು. ನಿನ್ನೆ ಹಾನಾ ಎಂಬ ವಿದ್ಯಾರ್ಥಿನಿಯಿಂದ ಸಂದೇಶ ಬಂತು: ನೀವು ಹೆಸರು ಕಳಿಸಿದವರ ಮನೆಗೆ ಸೈನಿಕರು ಹೋಗುತ್ತಿದ್ದಾರೆ, ಪಾಠಕ್ಕೆ ಬರದವರೆಲ್ಲ ಬಂಡಾಯಗಾರರ ಜೊತೆ ಸೇರಿದ್ದಾರೆಂದು ಅವರ ಎಣಿಕೆ, ಅವರಲ್ಲಿ ಯೋನಾಸ್‌ನನ್ನು ಹಾಸಿಗೆಯಿಂದಲೇ ಎಳೆದೊಯ್ದರು. ಆ ಹೆಸರು ಬರೆದದ್ದು ತನ್ನದೇ ಕೈ.

ಇನ್ನು ಮೇಲೆ ಎಲ್ಲರನ್ನೂ ಹಾಜರೆಂದೇ ಬರೆಯುತ್ತೇನೆ ಎಂದು ಇವತ್ತು ಬೆಳಿಗ್ಗೆ ಹೇಳಿದಾಗ ಮಾಸ್ತರರು ಮುಖ ಗಂಟಿಕ್ಕಿದ್ದರು.

“ಹಾಜರಿ ಪುಸ್ತಕದಾಗ ಸುಳ್ಳು ಬರೀಬಾರದವ್ವಾ. ಮೂವತ್ನಾಕು ವರ್ಷದಾಗ ನಾ ಒಂದೂ ಬರದಿಲ್ಲ.”

“ನಾನೂ ಖರೇನ ಬರದೇನಿ ಅಪ್ಪಾ. ಅದಕ್ಕ ಆ ಹುಡುಗನ್ನ ಒಯ್ದಾರ.”

ಪಾಠದ ಹೊತ್ತಿಗೆ ಮಾಸ್ತರರು ತಾವೇ ಮಹಡಿ ಹತ್ತಿ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

ದಾವಿತ್‌ನ ಹೆಸರಿಗೆ ಕೊನೆಗೊಂದು ಗಂಡುದನಿ ‘ಪ್ರೆಸೆಂಟ್, ಮ್ಯಾಡಮ್’ ಎಂದಿತು. ಅದು ಆಗಲೇ ಹಾಜರಿ ಕೊಟ್ಟಿದ್ದ ಸಾಮ್ಯುಯೆಲ್‌ನ ದನಿ. ಒಬ್ಬರ ಹಾಜರಿ ಇನ್ನೊಬ್ಬರು ಕೂಗಿದರೆ ತಕ್ಷಣ ಹಿಡಿದು ಹೊರಗೆ ನಿಲ್ಲಿಸುತ್ತಿದ್ದ ರಾಜೇಶ್ವರಿ ಬೇಗಬೇಗ ಗುರುತು ಹಾಕಿದಳು.

ಅಧಿಕಾರಿ ಕೆಮ್ಮಿದ. ಈ ಸಲ ಬಿಟ್ಟಿದ್ದೇನೆ, ಇನ್ನು ಮುಂದೆ ಒಂದೇ ದನಿ ಎರಡು ಸಲ ಕೇಳಿಸಿದರೆ ಆ ದನಿಯವನ ಹೆಸರನ್ನೂ ಬರೆದುಕೊಳ್ಳುತ್ತೇನೆ ಎಂದು ಅವಸರವಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದ.

‘ಮಿಕಾಯೆಲ್’ ಎಂದಳು. ಯಾರೂ ಉಸಿರೆತ್ತಲಿಲ್ಲ. ಇನ್ನೊಂದು ಸಲ ಕರೆಯಬಹುದು, ಆಮೇಲೆ ಗೈರು ಎನ್ನಲೇಬೇಕು. ಕರೆದಳು.

“ಪ್ರೆಸೆಂಟ್, ಮ್ಯಾಡಮ್.”

ಆ ದನಿ ಫೋನಿನಿಂದ ಬಂದದ್ದಲ್ಲ. ಮಾಸ್ತರರು ಅವಳ ಬೆನ್ನ ಹಿಂದಿನಿಂದ ಬಗ್ಗಿ, ಫೋನಿಗೆ ಬಾಯಿ ಹತ್ತಿರ ಮಾಡಿ ನಿಂತಿದ್ದರು.

ದನಿ ಯಾಕೆ ಹಾಗಿದೆ ಎಂದು ಅಧಿಕಾರಿ ಕೇಳಿದ. ನೆಗಡಿ ಇರಬೇಕು ಎಂದಳು ರಾಜೇಶ್ವರಿ. ಅವನು ಮುಂದಿನ ಹೆಸರು ಕರೆಯಲು ಹೇಳಿದ.

ಪಟ್ಟಿಯಲ್ಲಿ ಇನ್ನೂ ಹನ್ನೊಂದು ಹೆಸರಿದ್ದವು. ಅಪ್ಪನ ದನಿಯನ್ನು ಇನ್ನೊಮ್ಮೆ ಬಳಸುವಂತಿರಲಿಲ್ಲ. ಏನು ಮಾಡಲೆಂದು ಅವಳು ತಿರುಗಿ ನೋಡಿದಳು. ಚನ್ನಬಸಯ್ಯ ಮಾಸ್ತರರು ಆಗಲೇ ಕಿಟಕಿಯ ಹತ್ತಿರ ನಿಂತು, ಎದುರುಮನೆಯ ಕಟ್ಟೆಯ ಮೇಲೆ ಹರಟುತ್ತಿದ್ದ ಗುಡುಸಾಬನನ್ನೂ ಅವನ ಜೊತೆಯವರನ್ನೂ, ತುಟಿಯ ಮೇಲೆ ಬೆರಳಿಟ್ಟುಕೊಂಡು, ಮೇಲೆ ಬರುವಂತೆ ಕೈಬೀಸಿ ಕರೆಯುತ್ತಿದ್ದರು.